ಬೊಂತಾದೇವಿಯ ಬೊಂತೆ, ಬಾಣಂತಿಯ ಕೌದಿ

ಹನ್ನೆರಡನೆಯ ಶತಮಾನದ ಶಿವಶರಣೆಯರ ಸಾಲಿನಲ್ಲಿ ಬೊಂತಾದೇವಿಯ ಹೆಸರು ಓದುಗರಿಗೆ ಅಷ್ಟಾಗಿ ಪರಿಚಿತವಲ್ಲ. ಅಕ್ಕಮಹಾದೇವಿಯಂತೆ ಅರಮನೆಯನ್ನು ತೊರೆದು ಬಂದವಳು, ಕಾಶ್ಮೀರದ ಕಡೆಯವಳು, ಮೋಳಿಗೆಯ ಮಾರಯ್ಯನ ಸಹೋದರಿ, ‘ಬಿಡಾಡಿ’ ಎಂಬ ಅಂಕಿತದಲ್ಲಿ ವಚನಗಳನ್ನು ನುಡಿದವಳು ಎಂದು ಪರಂಪರೆಯು ಆಕೆಯನ್ನು ನೆನೆಯುತ್ತದೆ. ಆಕೆಯ ಮೊದಲ ಹೆಸರು ನಿಜದೇವಿ. ಉಟ್ಟ ಬಟ್ಟೆಯ ಸಹಿತ ಸಕಲವನ್ನೂ ಬಿಟ್ಟು ಹೊರಟವಳಿಗೆ ಶಿವನು ಒಂದು ಬೊಂತೆಯನ್ನು ಕರುಣಿಸಿದನೆಂದೂ, ಅದನ್ನು ಹೊದ್ದವಳಾದುದರಿಂದ ಬೊಂತಾದೇವಿ ಎಂಬ ಹೆಸರು ನಿಂತಿತೆಂದೂ ಕಥೆಯಿದೆ.

ಬೊಂತೆಯೆಂದರೆ ಹಳೆಯ ಬಟ್ಟೆಯ ತುಂಡುಗಳನ್ನು ಪದರ ಪದರವಾಗಿ ಕೂಡಿಸಿ ಹೊಲಿದ ಹೊದಿಕೆ. ಉತ್ತರ ಕರ್ನಾಟಕದ ಮನೆಮಾತಿನಲ್ಲಿ ಅದೇ ಕೌದಿ. ಸಂಸ್ಕೃತದ ‘ಕಂಥಾ’ ಎಂಬ ಶಬ್ದಕ್ಕೂ ತೇಪೆ ಹಾಕಿದ ಬಟ್ಟೆಯೆಂಬುದೇ ಅರ್ಥ. ಬಂಗಾಳದ ಹೆಸರಾಂತ ಕಾಂಥಾ ಹೊಲಿಗೆಯ ಹೆಸರು ಅಲ್ಲಿಂದಲೇ ಬಂದುದು. ಕನ್ನಡದಲ್ಲಿ ಆ ಶಬ್ದವು ಕಂತೆಯಾಗಿ, ಈಗ ಹುಲ್ಲಿನ ಕಟ್ಟಿಗೂ ನೋಟಿನ ಕಟ್ಟಿಗೂ ಹೇಳುವ ಮಾತಾಗಿ ಉಳಿದಿದೆ. ಬೊಂತಾದೇವಿಯ ಬೊಂತೆಯನ್ನು ವೈರಾಗ್ಯದ ಕುರುಹೆಂದು ವಿವರಿಸಿ ಮುಂದೆ ಸಾಗುವುದು ಸುಲಭ. ಅದು ತಪ್ಪೆಂದಲ್ಲ. ಆದರೆ ಬೊಂತೆಯು ವಿರಕ್ತರ ಹೆಗಲ ಮೇಲೆ ಕಾಣುವುದಕ್ಕಿಂತ ಹೆಚ್ಚಾಗಿ ತೊಟ್ಟಿಲಿನಲ್ಲಿ ಕಾಣುತ್ತದೆ. ಸಂಸಾರವನ್ನು ಬಿಟ್ಟು ಹೋಗುವವರಿಗೂ ಸಂಸಾರಕ್ಕೆ ಈಗ ತಾನೇ ಬಂದವರಿಗೂ ಒಂದೇ ಬಗೆಯ ಹೊದಿಕೆ ಒದಗಿಬಂದುದು ಆಕಸ್ಮಿಕವೇನಲ್ಲ. ಇಬ್ಬರ ಕೈಯಲ್ಲೂ ತಮ್ಮದೆಂಬುದು ಏನೂ ಇಲ್ಲ. ಇಬ್ಬರೂ ಪರರ ಹಳೆಯ ಬಟ್ಟೆಯನ್ನೇ ನಂಬಿದವರು.

ಹಸುಗೂಸಿನ ಕೌದಿಗೆ ಹೊಸ ಬಟ್ಟೆ ಬಾರದು. ಗಂಜಿಯ ಬಿಗಿಯು ಕೂಸಿನ ಚರ್ಮಕ್ಕೆ ಒರಟು. ಹತ್ತಾರು ವರ್ಷ ಉಟ್ಟು, ಕಲ್ಲಿಗೆ ಒಗೆದು, ಬಿಸಿಲಿಗೆ ಹಾಕಿ ಮೆತ್ತಗಾದ ಹತ್ತಿಯ ಬಟ್ಟೆಯೇ ಬೇಕು. ಇಳಕಲ್ಲ ಸೀರೆಯಾದರೆ ಅದರ ಹತ್ತಿಯ ಒಡಲು ಉಪಯೋಗಕ್ಕೆ ಬರುತ್ತದೆ. ರೇಷ್ಮೆಯ ಸೆರಗನ್ನು ಕತ್ತರಿಸಿ ಬೇರೆಯಿಡುತ್ತಾರೆ, ಏಕೆಂದರೆ ರೇಷ್ಮೆ ಜಾರುತ್ತದೆ, ಕೂಸಿನ ಉಚ್ಚೆಯನ್ನೂ ಹೀರುವುದಿಲ್ಲ. ಅಜ್ಜನ ಧೋತರ ಒಳಪದರಕ್ಕೆ ಶ್ರೇಷ್ಠ. ಗುಳೇದಗುಡ್ಡದ ಕಣದ ಕುಪ್ಪಸಗಳು ಹರಿದ ಮೇಲೆ ಅವುಗಳ ತುಂಡುಗಳು ಮೇಲ್ಪದರಕ್ಕೆ ಬಣ್ಣ ಕೊಡುತ್ತವೆ. ಈಚಿನ ಮನೆಗಳಲ್ಲಿ ಹಳೆಯ ಸೀರೆಯೆಂದರೆ ಹೆಚ್ಚಾಗಿ ಪಾಲಿಸ್ಟರ್ ಸೀರೆಯೇ. ಆದುದರಿಂದ ಒಂದು ತೊಟ್ಟಿಲ ಕೌದಿಗೆ ಸಾಲುವಷ್ಟು ಹತ್ತಿಯನ್ನು ಹೊಂದಿಸಲು ಎರಡು ಮೂರು ಮನೆಯ ಪೆಟ್ಟಿಗೆಗಳನ್ನು ತೆರೆಯಬೇಕಾಗುತ್ತದೆ.

ಹೊಲಿಯುವ ಕ್ರಮ ನೋಡಲು ಸರಳ. ಎರಡು ಮೊಳ ಉದ್ದ, ಒಂದೂವರೆ ಮೊಳ ಅಗಲದ ಅಡಿಬಟ್ಟೆಯನ್ನು ನೆಲದ ಮೇಲೆ ಸುಕ್ಕಿಲ್ಲದಂತೆ ಹಾಸಿ, ನಾಲ್ಕು ಮೂಲೆಗೆ ಕಲ್ಲು ಹೇರುತ್ತಾರೆ. ಅದರ ಮೇಲೆ ಒಳಪದರ, ಅದರ ಮೇಲೆ ತುಂಡುಗಳು. ಮೊದಲು ಉದ್ದುದ್ದನೆಯ ಕಚ್ಚಾ ಹೊಲಿಗೆ ಹಾಕಿ ಎಲ್ಲವನ್ನೂ ಹಿಡಿದು ನಿಲ್ಲಿಸುತ್ತಾರೆ. ಬಳಿಕ ಒಂದು ಮೂಲೆಯಿಂದ ಹೊರಟು, ಅಂಚಿನ ಗುಂಟ ಸುತ್ತಿ, ಬೆರಳಿನಷ್ಟು ಅಂತರ ಬಿಟ್ಟು ಎರಡನೆಯ ಸುತ್ತು, ಮತ್ತೆ ಮೂರನೆಯದು. ಹೀಗೆ ಹೊರಗಿನಿಂದ ಒಳಕ್ಕೆ ಸಾಗುತ್ತಾರೆ. ಹೊಲಿಗೆಯು ಜೋಳದ ಕಾಳಿಗಿಂತ ದೊಡ್ಡದಾಗಬಾರದು. ದೊಡ್ಡದಾದರೆ ಕೂಸಿನ ಕಾಲ್ಬೆರಳು ದಾರಕ್ಕೆ ಸಿಕ್ಕಿಬೀಳುತ್ತದೆ. ಹೊಲಿಯುವವಳು ಕೌದಿಯ ಮೇಲೆಯೇ ಕುಳಿತು ಹೊಲಿಯುತ್ತಾಳೆ. ಅವಳ ಭಾರವೇ ಪದರಗಳು ಸರಿಯದಂತೆ ಹಿಡಿಯುವ ಚೌಕಟ್ಟು.

ಕೊನೆಗೆ ನಡುಮಧ್ಯದಲ್ಲಿ ಅಂಗೈಯಗಲ ಜಾಗ ಉಳಿಯುತ್ತದೆ. ಅದು ಕೌದಿಯ ಹೊಟ್ಟೆ. ಅದನ್ನು ಬರಿದಾಗಿ ಮುಚ್ಚಬಾರದು, ಏನಾದರೊಂದು ತಿನಿಸನ್ನು ಇಟ್ಟು ಹೊಲಿಗೆ ಮುಗಿಸಬೇಕೆಂಬ ನಂಬಿಕೆ ಹಲವು ಮನೆಗಳಲ್ಲಿದೆ. ಹಸಿದ ಕೌದಿ ಹೊದ್ದವರನ್ನು ಬೆಚ್ಚಗಿಡದು ಎನ್ನುತ್ತಾರೆ.

ಧಾರವಾಡದಿಂದ ಪಶ್ಚಿಮಕ್ಕೆ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚಿನಲ್ಲಿ ಬಾಳುವ ಸಿದ್ದಿ ಹೆಣ್ಣುಮಕ್ಕಳ ಕೌದಿಯೂ ಹೀಗೆಯೇ ಅಂಚಿನಿಂದ ಒಳಕ್ಕೆ ಸಾಗುತ್ತದೆ. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಮತದವರಿದ್ದಾರೆ. ಕೌದಿಯ ಹೊಲಿಗೆ ಮಾತ್ರ ಒಂದೇ. ಮೂಲೆಗಳಿಗೆ ‘ಫೂಲ’ ಎಂಬ ಮುಕ್ಕೋನದ ಮಡಿಕೆಗಳನ್ನು ಇಡದಿದ್ದರೆ ಅವರು ಅದನ್ನು ಪೂರ್ಣವೆಂದು ಎಣಿಸುವುದಿಲ್ಲ. ಕೂಸಿನ ಕೌದಿಗೆ ಅವರು ಹಚ್ಚುವ ಸಣ್ಣ ಸಣ್ಣ ಬಣ್ಣದ ಚೂರುಗಳನ್ನು ನೋಡಿದವರಿಗೆ, ಬಡತನವೇ ಕೌದಿಗೆ ಕಾರಣವೆಂಬ ಮಾತು ಅರ್ಧ ಸತ್ಯವೆಂದು ತಿಳಿಯುತ್ತದೆ. ಕೇವಲ ಚಳಿಗಾಗಿ ಆಗಿದ್ದರೆ ಅಷ್ಟೊಂದು ಚೂರುಗಳು ಬೇಕಿರಲಿಲ್ಲ.

ಶರಣರ ಕಾಯಕಗಳನ್ನು ಕುರಿತು ಬರೆಯುವಾಗ ನೂಲು, ಸೂಜಿ, ಮಗ್ಗಗಳು ಹೆಸರಿಗೆ ಮಾತ್ರ ಬಂದು ಹೋಗುತ್ತವೆ. ಜೇಡರ ದಾಸಿಮಯ್ಯ ನೇಯ್ದವನು, ಕದಿರ ರೆಮ್ಮವ್ವೆ ನೂತವಳು, ಸೂಜಿಕಾಯಕದ ರಾಮಿತಂದೆ ಹೊಲಿದವನು. ಬಟ್ಟೆಯೊಂದರ ಸಂಪೂರ್ಣ ಜೀವನವೇ ಈ ಮೂವರಲ್ಲಿ ಅಡಗಿದೆ. ರಾಮಿತಂದೆಯ ಬೆರಳಿಗೆ ಸೂಜಿ ಎಷ್ಟು ಸಲ ಚುಚ್ಚಿರಬಹುದೆಂದು ಕೇಳಿಕೊಳ್ಳದೆ ಅವನ ವಚನದ ತತ್ತ್ವಕ್ಕೆ ನೇರವಾಗಿ ಹಾರುವ ವ್ಯಾಖ್ಯಾನವು ಪದರವಿಲ್ಲದ ಕೌದಿಯಂತೆ ತೆಳುವಾಗಿಯೇ ಉಳಿಯುತ್ತದೆ.

ಈ ಮಾತುಗಳೆಲ್ಲ ನವಲಗುಂದ ಸೀಮೆಯ ಒಂದು ಮನೆಯಲ್ಲಿ ಹೊಲಿದ ಒಂದು ಕೌದಿಯ ನಿಮಿತ್ತದಿಂದ ಬಂದವು. ಆ ಮನೆಯ ಹಿರಿಯಳಿಗೆ ಅರವತ್ತು ದಾಟಿದೆ. ಮನೆಯವರೆಲ್ಲರಿಗೂ ಆಕೆ ಅವ್ವ. 2021ರಲ್ಲಿ ಮಗಳು ಮೊದಲ ಸಲ ಗರ್ಭಿಣಿಯಾದಾಗ, ಏಳನೆಯ ತಿಂಗಳಿನ ಕುಬುಸದ ಕಾರ್ಯ ಮುಗಿದ ಮರುದಿನವೇ ಅವ್ವ ಪೆಟ್ಟಿಗೆ ತೆರೆದು ಬಟ್ಟೆ ಆರಿಸಿದಳು. ಅಡಿಗೆ ತನ್ನದೇ ಹಸಿರು ಇಳಕಲ್ಲ ಸೀರೆ, ಒಳಗೆ ತೀರಿಹೋದ ಯಜಮಾನನ ಧೋತರದ ಎರಡು ಪದರ, ಮೇಲೆ ಮಗಳ ಬಾಲ್ಯದ ಲಂಗಗಳ ತುಂಡುಗಳು ಹಾಗೂ ತನ್ನ ತಾಯಿಯ ಕುಪ್ಪಸದ ಕಣ. ನವಲಗುಂದದ ಹಳೆಯ ಜಮಖಾನವೊಂದನ್ನು ಪಡಸಾಲೆಗೆ ಹಾಸಿ ಅದರ ಮೇಲೆ ಹೊಲಿಯಲು ಕುಳಿತಳು.

ಕೂಸು ಹುಟ್ಟುವ ಮೊದಲು ಅದಕ್ಕಾಗಿ ಏನನ್ನೂ ಮಾಡಿಡಬಾರದೆಂಬುದು ಊರಿನ ರೂಢಿ. ತೊಟ್ಟಿಲು ತರಬಾರದು, ಕುಲಾಯಿ ಕುಂಚಿಗೆ ಹೊಲಿಯಬಾರದು. ಇದನ್ನು ಮೂಢನಂಬಿಕೆಯೆಂದು ಒಂದೇ ಮಾತಿನಲ್ಲಿ ತಳ್ಳಿಬಿಡುವುದು ನ್ಯಾಯವಲ್ಲ. 1971ರಲ್ಲಿ ಭಾರತದಲ್ಲಿ ಜೀವಂತವಾಗಿ ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ 129 ಮಕ್ಕಳು ಮೊದಲ ಹುಟ್ಟುಹಬ್ಬವನ್ನು ಕಾಣಲಿಲ್ಲ. 2020ರಲ್ಲಿ ಕರ್ನಾಟಕದ ಮಟ್ಟಿಗೆ ಆ ಸಂಖ್ಯೆ 19ಕ್ಕೆ ಇಳಿದಿತ್ತು. ಅವ್ವನ ತಾಯಿ ಏಳು ಹೆತ್ತು ನಾಲ್ಕನ್ನು ಉಳಿಸಿಕೊಂಡವಳು. ಖಾಲಿ ತೊಟ್ಟಿಲನ್ನು ನೋಡುತ್ತಾ ಬದುಕಬೇಕಾದ ಕಷ್ಟದಿಂದ ತಾಯಂದಿರನ್ನು ಪಾರುಮಾಡಲು ಯಾರೋ ಕರುಣೆಯಿಂದಲೇ ಆ ರೂಢಿಯನ್ನು ಹಾಕಿರಬೇಕು. ಆದರೆ ಕರುಣೆಯಿಂದ ಹುಟ್ಟಿದ ರೂಢಿಯೂ ಕಾಲಕ್ರಮದಲ್ಲಿ ಕರುಣೆಯನ್ನು ಮರೆತು ಬೆರಳು ತೋರಿಸಲು ಕಲಿಯುತ್ತದೆ.

ಹುಟ್ಟಿದುದು ಗಂಡುಕೂಸು. ಹೃದಯದಲ್ಲಿ ಹುಟ್ಟಿನಿಂದಲೇ ದೋಷವಿತ್ತೆಂದು ವೈದ್ಯರು ಹೇಳಿದರು. ಮೂರನೆಯ ದಿನ ಅದು ಲಿಂಗೈಕ್ಯವಾಯಿತು. ಸುದ್ದಿ ಬಂದಾಗ ಅವ್ವ ಕೌದಿಯ ಕೊನೆಯ ಸುತ್ತುಗಳಲ್ಲಿದ್ದಳು. ಸೂಜಿಯನ್ನು ಬಟ್ಟೆಯಲ್ಲಿಯೇ ಬಿಟ್ಟು ಎದ್ದವಳು ಮತ್ತೆ ಅದನ್ನು ಮುಟ್ಟಲಿಲ್ಲ. ಯಾರೋ ಅದನ್ನು ಮಡಿಚಿ ಟ್ರಂಕಿನೊಳಗಿಟ್ಟರು. ಮಣ್ಣು ಮಾಡಿ ಬಂದ ಸಂಜೆಯೇ ಮಾತು ಹೊರಟಿತು: “ಕೂಸು ಬರೂಕಿಂತ ಮೊದಲ ಕೌದಿ ಹಾಸಿದ್ರ ಹಿಂಗ ಆಗೂದು.” ಹೇಳಿದವರು ಕೆಟ್ಟವರಲ್ಲ. ಅದೇ ಹೆಂಗಸರು ಹತ್ತು ದಿನ ಆ ಮನೆಗೆ ರೊಟ್ಟಿ ಪಲ್ಯ ತಂದುಕೊಟ್ಟರು. ಅವ್ವ ಮಾತ್ರ ಅಂದಿನಿಂದ ಹರಿದ ಬಟ್ಟೆಗೆ ತೇಪೆ ಹಾಕುವುದನ್ನೂ ಬಿಟ್ಟಳು.

ಲಿಂಗಾಯತ ಧರ್ಮವು ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನು ಅಲ್ಲಗಳೆಯುತ್ತದೆ ಎಂಬುದನ್ನು ಎಲ್ಲರೂ ಬಲ್ಲರು. ಶಕುನ, ಮುಹೂರ್ತ, ಒಳ್ಳೆಯ ದಿನ, ಕೆಟ್ಟ ದಿನಗಳೆಂಬ ಭೇದವನ್ನು ಬಸವಾದಿ ಶರಣರು ಒಪ್ಪಲಿಲ್ಲವೆಂಬುದೂ ಹೊಸ ಸಂಗತಿಯಲ್ಲ. ಈ ಮನೆಯವರೂ ಅದನ್ನು ಬಲ್ಲವರು. ಶ್ರಾವಣದ ಪ್ರವಚನವನ್ನು ತಪ್ಪಿಸದವರು. ಬಾಣಂತಿಯನ್ನು ಮೈಲಿಗೆಯೆಂದು ದೂರವಿಡುವ ಪದ್ಧತಿ ಆ ಮನೆಯಲ್ಲಿ ಎಂದೂ ಇರಲಿಲ್ಲ. ಆದರೂ ಆ ಒಂದು ಕೌದಿ ಎರಡು ವರ್ಷ ಟ್ರಂಕಿನ ತಳದಲ್ಲಿ ಉಳಿಯಿತು. ತತ್ತ್ವವಾಗಿ ಬಿಟ್ಟ ಸೂತಕವು ವಸ್ತುವಾಗಿ ಮನೆಯೊಳಗೆ ಉಳಿದುಕೊಳ್ಳಬಲ್ಲದು. ಪ್ರವಚನದಲ್ಲಿ ಇದಕ್ಕೆ ಉತ್ತರ ಸಿಗುವುದು ಕಷ್ಟ. ಅವ್ವನಿಗೆ ಯಾರೂ ಉಪದೇಶ ಮಾಡಲಿಲ್ಲವೆಂಬುದು ಆ ಮನೆಯವರ ವಿವೇಕ.

2023ರ ಡಿಸೆಂಬರಿನಲ್ಲಿ ಎರಡನೆಯ ಕೂಸು ಹುಟ್ಟಿತು. ಹೆಣ್ಣು. ತೂಕ ಎರಡು ಕಿಲೋ ಮುನ್ನೂರು ಗ್ರಾಂ. ಎರಡೂವರೆ ಕಿಲೋಕ್ಕಿಂತ ಕಡಿಮೆಯಾದರೆ ಕಡಿಮೆ ತೂಕದ ಕೂಸೆಂದು ಲೆಕ್ಕ. ಅಂಥ ಕೂಸಿಗೆ ಮೈಯ ಬಿಸಿ ಬೇಗನೆ ಆರುತ್ತದೆ; ಆದುದರಿಂದ ತಾಯಿಯ ಎದೆಗೆ ಬರಿಮೈಯಲ್ಲಿ ಅಪ್ಪಿಕೊಂಡಿರಬೇಕೆಂದು ಆಸ್ಪತ್ರೆಯಲ್ಲಿ ಹೇಳಿ ಕಳುಹಿಸಿದರು. ಈ ಸಲ ಮುಂಚಿತವಾಗಿ ಏನನ್ನೂ ಮಾಡಿರಲಿಲ್ಲ. ಕೂಸು ಬಂದ ಮೇಲೆ ಪೇಟೆಯಿಂದ ಗುಲಾಬಿ ಬಣ್ಣದ, ಕರಡಿಯ ಚಿತ್ರವಿದ್ದ ಹೊದಿಕೆಯೊಂದನ್ನು ತಂದರು. ನೋಡಲು ಅಂದವಾಗಿತ್ತು. ಒದ್ದೆಯಾದರೆ ನೀರು ಮೇಲೆಯೇ ನಿಲ್ಲುತ್ತಿತ್ತು, ಕೂಸು ಬೆನ್ನು ತಣ್ಣಗಾಗಿ ಅಳುತ್ತಿತ್ತು.

ಆರನೆಯ ದಿನ ರಾತ್ರಿ ಮಗಳು, “ಅವ್ವಾ, ಟ್ರಂಕಿನ್ಯಾಗಿನ ಕೌದಿ ತಗದು ಕೊಡು” ಎಂದಳು.

ಅವ್ವ ಬಹಳ ಹೊತ್ತು ಮಾತಾಡಲಿಲ್ಲ. ಅಪಶಕುನದ ಮಾತು ಬರುವುದೆಂದು ಮಗಳು ಕಾದಿದ್ದಳು. ಬಂದುದು ಬೇರೆಯೇ ಮಾತು. “ಅದು ಅವಂದು ಐತಿ” ಎಂದಳು ಅವ್ವ.

“ಅವಂದ ಇರ್ಲಿ. ಅಣ್ಣನ ಕೌದಿ ತಂಗಿ ಹೊದ್ಕೊಂಡ್ರ ಯಾರು ಬ್ಯಾಡಂತಾರ?”

ಮೂರೇ ದಿನ ಬದುಕಿದ ಕೂಸಿಗೆ ಹೆಸರಿಟ್ಟಿರಲಿಲ್ಲ. ಆದುದರಿಂದ ಆ ಮನೆಯಲ್ಲಿ ಅದನ್ನು ಕರೆಯಲು ಒಂದು ಶಬ್ದವೇ ಇರಲಿಲ್ಲ. ‘ಆವತ್ತು’, ‘ಆ ಸಲ’, ‘ಅದೆಲ್ಲ ಆದಮ್ಯಾಲೆ’ ಎಂದು ಸುತ್ತಿ ಬಳಸಿ ಹೇಳುತ್ತಿದ್ದರು. ‘ಅಣ್ಣ’ ಎಂಬುದು ಆ ಕೂಸಿಗೆ ಮನೆಯಲ್ಲಿ ದೊರೆತ ಮೊದಲ ಹೆಸರು. ಯಾವ ಮನೆಯಲ್ಲಿಯಾದರೂ ಹಿರಿಯ ಕೂಸಿನ ಅಂಗಿ, ಟೊಪ್ಪಿಗೆ, ಕೌದಿಗಳು ಕಿರಿಯದಕ್ಕೆ ಬರುವುದು ಸಹಜ. ಅದಕ್ಕೆ ಯಾರ ಅಪ್ಪಣೆಯೂ ಬೇಡ. ಅವ್ವ ಎದ್ದು ಹೋಗಿ ಟ್ರಂಕಿನ ಮುಚ್ಚಳ ತೆರೆದಳು.

ಸೂಜಿ ಬಿಟ್ಟಲ್ಲಿಯೇ ಇತ್ತು. ಎರಡು ಮಳೆಗಾಲದ ತೇವಕ್ಕೆ ತುಕ್ಕು ಹಿಡಿದು, ಎಳೆಯಹೋದಾಗ ಎರಡಾಗಿ ಮುರಿಯಿತು. ಅದು ಇದ್ದ ಜಾಗದಲ್ಲಿ ಬೆರಳುದ್ದದ ಕಂದು ಗೆರೆ ಉಳಿಯಿತು. ಮುರಿದ ಚೂರುಗಳೆರಡನ್ನೂ ಜೋಡಿಸಿ ನೋಡಿ, ಬಟ್ಟೆಯೊಳಗೆ ಏನೂ ಉಳಿದಿಲ್ಲವೆಂದು ಅಂಗೈಯಿಂದ ಮೂರು ಸಲ ಒತ್ತಿ ಖಾತ್ರಿ ಮಾಡಿಕೊಂಡ ಮೇಲೆಯೇ ಅವ್ವ ಹೊಸ ಸೂಜಿ ತೆಗೆದಳು. ಒಂದು ಕಣ್ಣಿನ ಪೊರೆ ತೆಗೆಸಿದ್ದಳು, ಇನ್ನೊಂದಕ್ಕೆ ಇನ್ನೂ ಆಗಿರಲಿಲ್ಲ. ದಾರ ಪೋಣಿಸಲು ಬರಲಿಲ್ಲ. ಬಾಣಂತಿ ಸೂಜಿ ಹಿಡಿಯಬಾರದು, ಕಣ್ಣು ಸೋಲುತ್ತವೆ ಎಂಬುದೂ ಒಂದು ರೂಢಿ. ಮಗಳು ಪೋಣಿಸಿಕೊಟ್ಟಳು. ಪೋಣಿಸುವುದು ಬೇರೆ, ಹೊಲಿಯುವುದು ಬೇರೆ ಎಂದು ಅವ್ವನೇ ತೀರ್ಪು ಕೊಟ್ಟಳು.

ನಾಲ್ಕು ಸಂಜೆಗಳು ಹಿಡಿದವು. ಹಳೆಯ ಸುತ್ತುಗಳ ಪಕ್ಕದಲ್ಲಿ ಹೊಸ ಸುತ್ತುಗಳನ್ನು ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಹೊಸವು ತುಸು ದೊಡ್ಡವು, ಕೆಲವೆಡೆ ಓರೆ. ಹೊಟ್ಟೆ ತುಂಬಿಸುವ ಪ್ರಸಂಗ ಬಂದಾಗ ಮನೆಯ ಪದ್ಧತಿಯಂತೆ ಹೋಳಿಗೆಯ ಚೂರು ಇಡಬೇಕಾಗಿತ್ತು. ಸಿಹಿಗೆ ಇರುವೆ ಬಂದು ಕೂಸನ್ನು ಕಚ್ಚಿದರೆ ಗತಿಯೇನೆಂದು ಅವ್ವ ಹೋಳಿಗೆಯನ್ನು ಬಿಟ್ಟು ಒಂದು ಚಿಟಿಕೆ ಅಕ್ಕಿಯನ್ನಿಟ್ಟು ಮುಚ್ಚಿದಳು. ಎರಡು ವರ್ಷ ಹಸಿದ ಕೌದಿಗೆ ಅಷ್ಟು ಸಾಕೇ ಎಂದು ಮಗಳು ಕೇಳಿದಳು. ಅದರ ಅಳತೆಗೆ ಅದು ಸಾಕೆಂದಳು ಅವ್ವ. ಬಳಿಕ ಬಿಸಿನೀರಿನಲ್ಲಿ ತೊಳೆದು ಒಂದು ಹಗಲು ಬಿಸಿಲಿಗೆ ಹಾಕಿದರು.

ಕೂಸನ್ನು ನೋಡಲು ಮನೆಗೆ ಬಂದ ಆಶಾ ಕಾರ್ಯಕರ್ತೆಯು ಕೌದಿಯನ್ನು ಕೈಯಲ್ಲಿ ಹಿಡಿದು ತಿರುವಿ ನೋಡಿದಳು. ತೆಳ್ಳಗಿದೆ, ಹಾಸಲು ಅಡ್ಡಿಯಿಲ್ಲ. ಆದರೆ ಮುಖದ ಮೇಲೆ ಬರುವಂತೆ ಹೊದಿಸಬಾರದು, ಅಂಗಾತ ಮಲಗಿಸಬೇಕು, ಸುತ್ತಲೂ ದಪ್ಪ ದಿಂಬುಗಳನ್ನು ಇಡಬಾರದು ಎಂದು ಹೇಳಿ ಹೋದಳು. ಹಿಂದಿನ ಕಾಲದಲ್ಲಿ ಐದಾರು ಪದರದ ಭಾರವಾದ ಕೌದಿಯನ್ನು ಕೂಸಿನ ಮೂಗಿನವರೆಗೂ ಹೊದಿಸುತ್ತಿದ್ದುದುಂಟು. ಆ ವಿಷಯದಲ್ಲಿ ಆಶಾ ಕಾರ್ಯಕರ್ತೆಯ ಮಾತೇ ಸರಿ, ಅಜ್ಜಿಯರ ಮಾತಲ್ಲ.

ಇನ್ನು ಬೀಗತಿಯ ಮಾತು. ಸುದ್ದಿ ಹೇಗೋ ಆಕೆಯ ಕಿವಿಗೆ ಬಿದ್ದಿತ್ತು. ಫೋನು ಮಾಡಿ, “ಅಕ್ಕಾರ, ಹೊಸಾದು ನಾ ತರತೇನಿ. ಆ ಕೌದಿ ಮಾತ್ರ ಕೂಸಿನ ಕೆಳಗ ಹಾಸಬ್ಯಾಡ್ರಿ” ಎಂದಿದ್ದಳು. ಆಕೆಯ ದನಿಯಲ್ಲಿ ಗದರಿಕೆ ಇರಲಿಲ್ಲ, ಬೇಡಿಕೆ ಇತ್ತು. ಆಕೆಯೂ ಅದೇ ಮೊಮ್ಮಗನನ್ನು ಕಳೆದುಕೊಂಡವಳು ಎಂಬುದನ್ನು ಮರೆತು ಆಕೆಯನ್ನು ಅಜ್ಞಾನಿಯೆನ್ನುವುದು ಅನ್ಯಾಯವಾದೀತು. ಅವ್ವ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ.

ತೊಟ್ಟಿಲಿಗೆ ಹಾಕುವ ದಿನ ಗುರುಗಳು ಬಂದು ಕೂಸಿಗೆ ವಿಭೂತಿ ಹಚ್ಚಿ, ಲಿಂಗಧಾರಣೆ ಮಾಡಿದರು. ಹೆಣ್ಣುಮಕ್ಕಳು ತೊಟ್ಟಿಲು ತೂಗಿ ಹಾಡಿದರು, ಹೆಸರನ್ನು ಕಿವಿಯಲ್ಲಿ ಹೇಳಿದರು. ತೊಟ್ಟಿಲೊಳಗೆ ಕೌದಿ ಹಾಸಿತ್ತು. ಬೀಗತಿ ಅದನ್ನು ನೋಡಿದಳು. ಏನೂ ಅನ್ನದೆ ತಾನು ತಂದ ಹೊಸ ಹೊದಿಕೆಯನ್ನು ಅದರ ಮೇಲೆ ಹಾಸಿ ಕೂಸನ್ನು ಮಲಗಿಸಿದಳು. ಅವ್ವ ಅದನ್ನು ಸರಿಸಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಕೂಸು ಹೊಸ ಹೊದಿಕೆಯನ್ನು ಒದ್ದೆ ಮಾಡಿತು. ಎಲ್ಲರೂ ಪಂಕ್ತಿಯಲ್ಲಿದ್ದರು, ಕೂಸಿನ ಬಳಿ ಇದ್ದವಳು ಬೀಗತಿಯೊಬ್ಬಳೇ. ಆಕೆ ಹೊದಿಕೆಯನ್ನು ತೆಗೆದು ಹಗ್ಗಕ್ಕೆ ಹಾಕಿ, ಕೂಸನ್ನು ಕೌದಿಯ ಮೇಲೆ ಮಲಗಿಸಿ, ಊಟ ಮುಗಿದು ಎಲ್ಲರೂ ಏಳುವವರೆಗೂ ತೊಟ್ಟಿಲಿನ ಪಕ್ಕದಲ್ಲಿ ಕುಳಿತಿದ್ದಳು. ಹೊರಡುವಾಗ ಮಗಳನ್ನು ಕೇಳಿದುದು ಒಂದೇ ಮಾತು: ನಡುವೆ ಇರುವ ಆ ಕಂದು ಗೆರೆ ಏನು ಎಂದು. ಮಗಳು ಹೇಳಿದಳು.

ಮೂರು ದಿನಕ್ಕೊಮ್ಮೆ ಕೌದಿಯನ್ನು ತೊಳೆಯುತ್ತಿದ್ದರೂ ಆ ಗೆರೆ ಹೋಗಲಿಲ್ಲ. ತುಕ್ಕಿನ ಕಲೆಗೆ ನಿಂಬೆಹುಳಿ, ಉಪ್ಪು ಹಚ್ಚಿ ಬಿಸಿಲಿಗಿಟ್ಟರೆ ಹೋಗುತ್ತದೆಂದು ಅವ್ವ ಒಮ್ಮೆ ನಿಂಬೆಹಣ್ಣು ಕೊಯ್ದು ತಂದಳು. ಅದು ಇರಲಿ ಬಿಡು ಎಂದಳು ಮಗಳು. ನಿಂಬೆಹಣ್ಣು ಅಂದಿನ ಚಿತ್ರಾನ್ನಕ್ಕೆ ಹೋಯಿತು.